ಕಾರ್ಖಾನೆಯ ಮಿದುಳಿನಲ್ಲಿ ಅಂಕಿಗಳ ಓಡಾಟ

ಮುಂಗಾರು ಚುರುಕಾಯಿತೆಂದರೆ ಮೈಸೂರು, ಮಂಡ್ಯ ಸೀಮೆಯ ಮನೆಗಳಲ್ಲಿ ದಿನಪತ್ರಿಕೆ ಬಂದೊಡನೆ ಎಲ್ಲರೂ ಹುಡುಕುವ ಅಂಕಿಯೊಂದಿದೆ. ಅದು ಕೃಷ್ಣರಾಜಸಾಗರದ ನೀರಿನ ಮಟ್ಟ. ಗರಿಷ್ಠ ಮಟ್ಟ 124.80 ಅಡಿ ಎಂಬುದು ಇಲ್ಲಿನ ಶಾಲಾ ಮಕ್ಕಳಿಗೂ ಬಾಯಿಪಾಠ. ಈ ಅಂಕಿ ಅಣೆಕಟ್ಟೆಯಿಂದ ಓದುಗರ ಮನೆಗೆ ತಲುಪುವಷ್ಟರಲ್ಲಿ ಹಲವು ಕೈ ದಾಟಿರುತ್ತದೆ. ದಾರಿಯಲ್ಲಿ ಯಾರಾದರೂ ಅದನ್ನು 12.480 ಎಂದು ಬರೆದುಬಿಟ್ಟರೆ ಓದುಗರು ‘ಅಚ್ಚಿನ ದೋಷ’ ಎಂದು ನಕ್ಕು ಸುಮ್ಮನಾಗುತ್ತಾರೆ. ಯಂತ್ರಕ್ಕೆ ಹಾಗೆ ನಗಲು ಬರುವುದಿಲ್ಲ. ಕೈಗೆ ಬಂದ ಅಂಕಿಯನ್ನು ಅದು ನಂಬುತ್ತದೆ. ನಂಬಿ ಕೆಲಸವನ್ನೂ ಮಾಡಿ ಮುಗಿಸುತ್ತದೆ.

ಇಂದಿನ ಕಾರ್ಖಾನೆಗಳಲ್ಲಿ ಹೀಗೆ ಕ್ಷಣಕ್ಷಣಕ್ಕೂ ಅಂಕಿಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ದಾಟಿಸುತ್ತ ಯಂತ್ರಗಳನ್ನು ನಡೆಸುವ ಉಪಕರಣವೇ ಪಿ.ಎಲ್.ಸಿ., ಅಂದರೆ ‘ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್’. ಮೈಸೂರಿನ ಜಯಲಕ್ಷ್ಮಿಪುರಂನಂತಹ ಬಡಾವಣೆಯಲ್ಲಿ ಈ ಹೆಸರು ಕಿವಿಗೆ ಬೀಳುವುದು ಸಹಜವೇ. ಹುಣಸೂರು ರಸ್ತೆ ದಾಟಿದರೆ ಮಾನಸಗಂಗೋತ್ರಿ, ಕೆ.ಆರ್.ಎಸ್. ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಮೇಟಗಳ್ಳಿ, ಹೆಬ್ಬಾಳದ ಕೈಗಾರಿಕಾ ಪ್ರದೇಶಗಳು. ಒಂದು ಕಡೆ ಓದು, ಇನ್ನೊಂದು ಕಡೆ ಉದ್ಯೋಗ. ಮಗನೋ ಮಗಳೋ ಐ.ಟಿ.ಐ., ಡಿಪ್ಲೊಮಾ ಅಥವಾ ಬಿ.ಇ. ಓದುತ್ತಿದ್ದರೆ ‘ಪಿ.ಎಲ್.ಸಿ. ಕಲಿತವರಿಗೆ ಬೇಗ ಕೆಲಸವಂತೆ’ ಎಂಬ ಮಾತು ಮನೆಗೆ ಬಂದೇ ಬರುತ್ತದೆ. ಆದರೆ ಅದರಲ್ಲಿ ಕಲಿಯುವುದೇನು? ಎಲ್ಲಿ ಎಡವುತ್ತಾರೆ? ಅದರ ಅತಿ ಸರಳ ಆದೇಶವಾದ ‘ಮೂವ್’ ಒಂದನ್ನೇ ತೆಗೆದುಕೊಂಡರೂ ಈ ಪ್ರಶ್ನೆಗಳಿಗೆ ಬಹುಮಟ್ಟಿಗೆ ಉತ್ತರ ಸಿಗುತ್ತದೆ.

ರಿಲೇಯಿಂದ ಪಿ.ಎಲ್.ಸಿ.ವರೆಗೆ

ಸ್ವಯಂಚಾಲಿತ ನಿಯಂತ್ರಣ ಮೈಸೂರಿಗೆ ಹೊಸದೇನಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಪುಣೆ ಬಳಿಯ ಖಡಕವಾಸ್ಲಾ ಜಲಾಶಯದಲ್ಲಿ ಅಳವಡಿಸಲಾಯಿತು. ಮುಂದೆ ಕೃಷ್ಣರಾಜಸಾಗರಕ್ಕೂ ಅಂತಹ ಗೇಟುಗಳು ಬಂದವು. ನೀರು ನಿಗದಿತ ಮಟ್ಟ ಮೀರಿದರೆ ಅವು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು. ಅಲ್ಲಿ ಯಾವ ಅಂಕಿಯೂ ಇರಲಿಲ್ಲ. ನೀರಿನ ಒತ್ತು, ಭಾರದ ತೂಗು ಇವೇ ಎಲ್ಲವನ್ನೂ ನಿರ್ಧರಿಸುತ್ತಿದ್ದವು.

ವಿದ್ಯುತ್ತಿನಿಂದ ಓಡುವ ಕಾರ್ಖಾನೆಗಳು ಬಂದ ಮೇಲೆ ಈ ನಿರ್ಧಾರದ ಕೆಲಸ ರಿಲೇಗಳ ಪಾಲಾಯಿತು. ರಿಲೇ ಎಂದರೆ ವಿದ್ಯುತ್ಕಾಂತದ ಸೆಳೆತದಿಂದ ಕೂಡುವ, ಬಿಡುವ ಸ್ವಿಚ್ಚು. ‘ಬಾಗಿಲು ಮುಚ್ಚಿದ್ದರೆ, ಎಣ್ಣೆಯ ಒತ್ತಡ ಸರಿಯಿದ್ದರೆ ಮಾತ್ರ ಮೋಟಾರು ಓಡಲಿ’ ಎಂಬಂತಹ ಷರತ್ತುಗಳನ್ನು ತಂತಿಗಳ ಜೋಡಣೆಯಲ್ಲಿಯೇ ಹೆಣೆಯುತ್ತಿದ್ದರು. ದೊಡ್ಡ ಕಾರ್ಖಾನೆಯಲ್ಲಿ ಇಂತಹ ನೂರಾರು ರಿಲೇಗಳು ಬೀರುಗಳ ತುಂಬ ಕಟಕಟ ಸದ್ದು ಮಾಡುತ್ತ ಕುಳಿತಿರುತ್ತಿದ್ದವು. ತಯಾರಿಸುವ ವಸ್ತುವಿನ ಮಾದರಿ ಬದಲಾದರೆ ಆ ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಹೆಣೆಯಬೇಕಿತ್ತು.

ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಹೈಡ್ರಾಮ್ಯಾಟಿಕ್ ವಿಭಾಗ 1968ರಲ್ಲಿ ಇದಕ್ಕೊಂದು ಪರ್ಯಾಯ ಬೇಕೆಂದು ಕೇಳಿತು. ಮ್ಯಾಸಚೂಸೆಟ್ಸ್ ರಾಜ್ಯದ ಬೆಡ್‌ಫರ್ಡ್ ಅಸೋಸಿಯೇಟ್ಸ್ ಎಂಬ ಪುಟ್ಟ ಸಂಸ್ಥೆಯಲ್ಲಿ ರಿಚರ್ಡ್ ಮಾರ್ಲಿ ಮತ್ತು ಅವರ ಸಂಗಡಿಗರು ಅಂತಹ ಯಂತ್ರವನ್ನು ರೂಪಿಸಿದರು. ಅದು ಆ ಸಂಸ್ಥೆಯ 84ನೆಯ ಯೋಜನೆಯಾಗಿದ್ದರಿಂದ ಯಂತ್ರಕ್ಕೆ ‘ಮಾಡಿಕಾನ್ 084’ ಎಂಬ ಹೆಸರಾಯಿತು. ತಂತಿ ಬದಲಿಸುವ ಬದಲು ಬರೆದ ಕ್ರಮವಿಧಿಯನ್ನು, ಅಂದರೆ ಪ್ರೋಗ್ರಾಮನ್ನು ಬದಲಿಸಿದರೆ ಸಾಕು ಎಂಬುದೇ ಅದರ ದೊಡ್ಡ ಅನುಕೂಲ. ರಿಲೇ ನಕ್ಷೆಗೆ ಒಗ್ಗಿದ ಎಲೆಕ್ಟ್ರೀಷಿಯನ್ನರಿಗೆ ಕಷ್ಟವಾಗದಿರಲೆಂದು ಪ್ರೋಗ್ರಾಮನ್ನೂ ಅದೇ ರೂಪದಲ್ಲಿ ಬರೆಯುವ ಪದ್ಧತಿ ಬಂತು. ಎರಡು ಕಂಬಗಳ ನಡುವೆ ಮೆಟ್ಟಿಲುಗಳಿರುವ ಏಣಿಯಂತೆ ಕಾಣುವುದರಿಂದ ಅದಕ್ಕೆ ‘ಲ್ಯಾಡರ್’ ನಕ್ಷೆ ಎನ್ನುತ್ತಾರೆ. ವಿವಿಧ ಕಂಪನಿಗಳ ಬರವಣಿಗೆಯ ಕ್ರಮವನ್ನು ಒಂದು ಹದಕ್ಕೆ ತರಲು 1993ರಲ್ಲಿ ಅಂತರರಾಷ್ಟ್ರೀಯ ಮಾನಕವೊಂದು ಪ್ರಕಟವಾಯಿತು. ಅದರಲ್ಲಿಯೂ ಲ್ಯಾಡರ್‌ಗೆ ಸ್ಥಾನ ಸಿಕ್ಕಿತು.

ನೀರಿನ ಮಟ್ಟ ಅಂಕಿಯಾಗುವ ಬಗೆ

ಹೌದು, ಇಲ್ಲ ಎಂಬ ಎರಡೇ ಉತ್ತರ ಸಾಕಿದ್ದ ಕಾಲದಲ್ಲಿ ರಿಲೇ ಸಾಕಿತ್ತು. ಆದರೆ ‘ತೊಟ್ಟಿಯಲ್ಲಿ ನೀರು ಎಷ್ಟಿದೆ?’ ಎಂಬ ಪ್ರಶ್ನೆಗೆ ಹೌದು, ಇಲ್ಲ ಎಂದರೆ ಆಗದು. ಅಂಕಿಯೇ ಬೇಕು.

ಜಯಲಕ್ಷ್ಮಿಪುರಂನ ಒಂದು ವಸತಿ ಸಮುಚ್ಚಯವನ್ನು ಊಹಿಸಿಕೊಳ್ಳಿ. ಕೆಳಗೆ ಸಂಪು, ಮೇಲೆ 2 ಮೀಟರ್ ಎತ್ತರದ ತೊಟ್ಟಿ, ನಡುವೆ ಪಂಪು. ತೊಟ್ಟಿಯಲ್ಲಿ ನೀರಿನ ಮಟ್ಟ ಅಳೆಯುವ ಸಂವೇದಕ ಅಂದರೆ ಸೆನ್ಸರ್ ಇದೆ. ಕೈಗಾರಿಕೆಗಳಲ್ಲಿ ಇಂತಹ ಸೆನ್ಸರುಗಳು ಸಾಮಾನ್ಯವಾಗಿ 4ರಿಂದ 20 ಮಿಲಿಆಂಪಿಯರ್ ವಿದ್ಯುತ್ತಿನ ಮೂಲಕ ಸುದ್ದಿ ಹೇಳುತ್ತವೆ. ತೊಟ್ಟಿ ಬರಿದಾದರೆ 4, ತುಂಬಿದರೆ 20, ಅರ್ಧವಿದ್ದರೆ 12. ಸೊನ್ನೆಯಿಂದ ಯಾಕೆ ಆರಂಭಿಸಿಲ್ಲ ಎಂದು ಬುದ್ಧಿವಂತ ವಿದ್ಯಾರ್ಥಿ ಕೇಳಬಹುದು. ಸೊನ್ನೆ ಬಂದರೆ ತಂತಿ ತುಂಡಾಗಿದೆ ಎಂದು ತಿಳಿಯಲಿ ಎಂಬುದಕ್ಕಾಗಿ. ಬರಿದಾದ ತೊಟ್ಟಿಗೂ ತುಂಡಾದ ತಂತಿಗೂ ವ್ಯತ್ಯಾಸ ತಿಳಿಯದಿದ್ದರೆ ಪಂಪು ರಾತ್ರಿಯಿಡೀ ಓಡಿ ನೀರೆಲ್ಲ ಚರಂಡಿ ಸೇರುತ್ತದೆ.

ಈ ವಿದ್ಯುತ್ತನ್ನು ಪಿ.ಎಲ್.ಸಿ. ಅಂಕಿಯಾಗಿ ಬದಲಿಸಿ ತನ್ನ ಸ್ಮೃತಿಯ ಒಂದು ಗೂಡಿನಲ್ಲಿ ಇರಿಸುತ್ತದೆ. ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸಲು ಸಾಲುಸಾಲಾಗಿ ಗೂಡುಗಳಿರುತ್ತವಲ್ಲ, ಹಾಗೆಯೇ ಇಲ್ಲಿಯೂ. ಪ್ರತಿ ಗೂಡಿಗೂ ಒಂದು ವಿಳಾಸ. ತಂತ್ರಜ್ಞರು ಇದನ್ನು ‘ರಿಜಿಸ್ಟರ್’ ಎನ್ನುತ್ತಾರೆ. ಸೀಮೆನ್ಸ್ ಕಂಪನಿಯ ಎಸ್-7 ಮಾಲಿಕೆಯಲ್ಲಿ ಈ 4ರಿಂದ 20ರ ಹರವು 0ಯಿಂದ 27,648ರವರೆಗಿನ ಅಂಕಿಯಾಗುತ್ತದೆ. ಅರ್ಧ ತೊಟ್ಟಿಗೆ 13,824. ಅಲೆನ್-ಬ್ರ್ಯಾಡ್ಲಿ ಕಂಪನಿಯ ಎಸ್.ಎಲ್.ಸಿ. 500 ಮಾಲಿಕೆಯಲ್ಲಿ ಅದೇ ಹರವು 3,277ರಿಂದ 16,384. ಅರ್ಧ ತೊಟ್ಟಿಗೆ ಸುಮಾರು 9,830. ಗಮನಿಸಿ: ನೀರು ಅದೇ, ಸೆನ್ಸರೂ ಅದೇ, ಆದರೆ ಗೂಡಿನಲ್ಲಿ ಕುಳಿತ ಅಂಕಿ ಬೇರೆ. ಅಂಕಿಯನ್ನು ನೋಡಿದ ಮಾತ್ರಕ್ಕೆ ಅದರ ಅರ್ಥ ತಿಳಿಯುವುದಿಲ್ಲ.

ಹೆಸರು ಮೂವ್, ಕೆಲಸ ನಕಲು

ಒಂದು ಗೂಡಿನ ಅಂಕಿಯನ್ನು ಇನ್ನೊಂದಕ್ಕೆ ಒಯ್ಯುವ ಆದೇಶವೇ ‘ಮೂವ್’. ಮಿತ್ಸುಬಿಷಿ ಪಿ.ಎಲ್.ಸಿ.ಯಲ್ಲಿ ‘ಮೂವ್ ಡಿ 10 ಡಿ 20’ ಎಂದು ಬರೆದರೆ ಡಿ 10ರಲ್ಲಿರುವುದು ಡಿ 20ಕ್ಕೆ ಹೋಗುತ್ತದೆ. ಸೀಮೆನ್ಸ್‌ನಲ್ಲಿ ಇದೇ ಕೆಲಸವನ್ನು ‘ಲೋಡ್’, ‘ಟ್ರಾನ್ಸ್‌ಫರ್’ ಎಂಬ ಎರಡು ಹೆಜ್ಜೆಗಳಲ್ಲಿಯೂ ಬರೆಯಬಹುದು. ಕಂಪನಿ ಯಾವುದಾದರೂ ತತ್ತ್ವ ಒಂದೇ.

ಹೆಸರು ಮಾತ್ರ ಸ್ವಲ್ಪ ದಾರಿ ತಪ್ಪಿಸುತ್ತದೆ. ಮೂವ್ ಎಂದರೆ ಸ್ಥಳ ಬದಲಿಸು ಎಂದರ್ಥ. ಆದರೆ ಇಲ್ಲಿ ಮೂಲ ಗೂಡು ಬರಿದಾಗುವುದಿಲ್ಲ. ಕಪ್ಪು ಹಲಗೆಯ ಮೇಲಿನ ಲೆಕ್ಕವನ್ನು ವಿದ್ಯಾರ್ಥಿ ನೋಟ್‌ಬುಕ್ಕಿಗೆ ಇಳಿಸಿಕೊಂಡರೆ ಹಲಗೆಯ ಮೇಲಿನ ಬರಹ ಹಾಗೆಯೇ ಉಳಿಯುತ್ತದೆ, ಇದೂ ಹಾಗೆಯೇ. ಬದಲಾಗುವುದು ಸೇರುವ ಗೂಡು ಮಾತ್ರ. ಅದರಲ್ಲಿ ಮೊದಲಿದ್ದ ಅಂಕಿ ಅಳಿಸಿಹೋಗುತ್ತದೆ, ಯಾವ ಎಚ್ಚರಿಕೆಯನ್ನೂ ಕೊಡದೆ.

ಇದರಿಂದ ಹುಟ್ಟುವ ಒಂದು ಪುಟ್ಟ ಸಮಸ್ಯೆಯನ್ನು ಅಡುಗೆಮನೆಯಲ್ಲೇ ನೋಡಬಹುದು. ಒಂದು ಲೋಟದಲ್ಲಿ ಹಾಲು, ಇನ್ನೊಂದರಲ್ಲಿ ಮಜ್ಜಿಗೆ ಇದೆ. ಎರಡನ್ನೂ ಅದಲುಬದಲು ಮಾಡಬೇಕು. ಮೂರನೆಯ ಖಾಲಿ ಲೋಟವಿಲ್ಲದೆ ಅದು ಸಾಧ್ಯವಿಲ್ಲ. ಗೂಡುಗಳಲ್ಲಿಯೂ ಅಷ್ಟೇ. ಡಿ 1ನ್ನು ಡಿ 2ಕ್ಕೆ, ಬಳಿಕ ಡಿ 2ನ್ನು ಡಿ 1ಕ್ಕೆ ಎಂದು ಬರೆದರೆ ಎರಡರಲ್ಲೂ ಡಿ 1ರ ಅಂಕಿಯೇ ಉಳಿಯುತ್ತದೆ. ಮೂರನೆಯ ಗೂಡನ್ನು ಬಳಸಬೇಕು. ಮಿತ್ಸುಬಿಷಿಯಂತಹ ಕೆಲವು ಪಿ.ಎಲ್.ಸಿ.ಗಳಲ್ಲಿ ಈ ಅದಲುಬದಲಿಗೆಂದೇ ಪ್ರತ್ಯೇಕ ಆದೇಶವೂ ಉಂಟು.

ಯಾವಾಗ, ಎಷ್ಟು ಸಲ?

ಪಿ.ಎಲ್.ಸಿ. ತನ್ನ ಪ್ರೋಗ್ರಾಮನ್ನು ಒಮ್ಮೆ ಓದಿ ಸುಮ್ಮನಾಗುವುದಿಲ್ಲ. ಮೊದಲು ಸೆನ್ಸರು, ಸ್ವಿಚ್ಚುಗಳ ಸ್ಥಿತಿಯನ್ನು ಓದಿಕೊಳ್ಳುತ್ತದೆ. ಬಳಿಕ ಏಣಿಯ ಮೆಟ್ಟಿಲುಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಪರಿಶೀಲಿಸುತ್ತದೆ. ಕೊನೆಗೆ ಮೋಟಾರು, ವಾಲ್ವುಗಳಿಗೆ ಆಜ್ಞೆ ಕಳಿಸುತ್ತದೆ. ಮುಗಿದ ಕೂಡಲೇ ಮತ್ತೆ ಮೊದಲಿನಿಂದ. ಒಂದು ಸುತ್ತಿಗೆ ‘ಸ್ಕ್ಯಾನ್’ ಎಂದು ಹೆಸರು. ಅದಕ್ಕೆ ಹಿಡಿಯುವ ಕಾಲ ಕೆಲವೇ ಮಿಲಿಸೆಕೆಂಡು.

ಪ್ರತಿದಿನ ಬೆಳಿಗ್ಗೆ 8 ಗಂಟೆಗೆ ತೊಟ್ಟಿಯ ಮಟ್ಟವನ್ನು ದಾಖಲಿಸಬೇಕೆಂದು ಇಟ್ಟುಕೊಳ್ಳೋಣ. ‘ಗಡಿಯಾರ 8 ಗಂಟೆ 0 ನಿಮಿಷ ತೋರಿಸಿದರೆ ಮಟ್ಟವನ್ನು ಡಿ 100ಕ್ಕೆ ಮೂವ್ ಮಾಡು’ ಎಂದು ಬರೆಯಲಾಗಿದೆ. ನೋಡಲು ಸರಿಯಾಗಿಯೇ ಇದೆ. ಆದರೆ ಗಡಿಯಾರ 8 ಗಂಟೆ 0 ನಿಮಿಷವನ್ನು ಒಂದು ಪೂರ್ತಿ ನಿಮಿಷ ತೋರಿಸುತ್ತದೆ! ಒಂದು ಸ್ಕ್ಯಾನಿಗೆ 10 ಮಿಲಿಸೆಕೆಂಡು ಎಂದರೆ ಆ ಒಂದು ನಿಮಿಷದಲ್ಲಿ ಮೂವ್ ಆದೇಶ 6,000 ಸಲ ನಡೆಯುತ್ತದೆ. ಪ್ರತಿ ಸಲವೂ ಹಿಂದಿನ ಅಂಕಿ ಅಳಿದು ಹೊಸದು ಕೂರುತ್ತದೆ. ಕೊನೆಗೆ ಉಳಿಯುವುದು 8 ಗಂಟೆಯ ಮಟ್ಟವಲ್ಲ. ಹೆಚ್ಚುಕಡಿಮೆ 8 ಗಂಟೆ 1 ನಿಮಿಷದ ಮಟ್ಟ. ತೊಟ್ಟಿಯ ವಿಷಯದಲ್ಲಿ ಇದರಿಂದ ಹಾನಿಯಿಲ್ಲದಿರಬಹುದು. ನಿಮಿಷಕ್ಕೆ ನೂರಾರು ಬಾಟಲಿ ತುಂಬುವ ಯಂತ್ರದಲ್ಲಿ ಲೆಕ್ಕವೇ ತಲೆಕೆಳಗಾಗುತ್ತದೆ.

ಪರಿಹಾರ ಸುಲಭ. ಷರತ್ತು ಸುಳ್ಳಿನಿಂದ ನಿಜಕ್ಕೆ ತಿರುಗಿದ ಆ ಒಂದೇ ಸ್ಕ್ಯಾನಿನಲ್ಲಿ ಮಾತ್ರ ಕೆಲಸ ನಡೆಯುವಂತೆ ಬರೆಯಬೇಕು. ಇದಕ್ಕೆ ‘ಪಲ್ಸ್’ ರೂಪದ ಆದೇಶಗಳಿವೆ. ಕರೆಗಂಟೆಯ ಗುಂಡಿ ಒತ್ತಿ ಹಿಡಿದರೂ ‘ಡಿಂಗ್ ಡಾಂಗ್’ ಎಂದು ಒಂದೇ ಸಲ ಬಡಿಯುವ ಗಂಟೆಯಂತೆ ಎಂದರೆ ಮಕ್ಕಳಿಗೆ ಅರ್ಥವಾದೀತು.

ಬೆಂಚಿನ ಮೇಲಿನ ಏಳು ಮಂದಿ

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಕಳೆದ 7 ದಿನಗಳ ಮಟ್ಟವನ್ನು 7 ಗೂಡುಗಳಲ್ಲಿ ಇಡಬೇಕು. ಹೊಸ ದಿನ ಬಂದಾಗ ಎಲ್ಲವೂ ಒಂದೊಂದು ಗೂಡು ಮುಂದೆ ಸರಿಯಬೇಕು, ಮೊದಲನೆಯ ಗೂಡಿಗೆ ಇಂದಿನ ಅಂಕಿ ಬರಬೇಕು. ಹೊಸದಾಗಿ ಕಲಿಯುವವರು 1ನ್ನು 2ಕ್ಕೆ, 2ನ್ನು 3ಕ್ಕೆ, 3ನ್ನು 4ಕ್ಕೆ ಎಂದು ಮೇಲಿನಿಂದ ಬರೆಯುತ್ತ ಹೋಗುತ್ತಾರೆ. ಪರಿಣಾಮವೇನು? ಮೊದಲ ಮೆಟ್ಟಿಲಿನಲ್ಲಿಯೇ 2ರ ಅಂಕಿ ಅಳಿದು 1ರದು ಬಂತು. ಎರಡನೆಯ ಮೆಟ್ಟಿಲಿನಲ್ಲಿ ಅದೇ ಅಂಕಿ 3ಕ್ಕೆ ಹೋಯಿತು. ಕೊನೆಗೆ ಏಳೂ ಗೂಡುಗಳಲ್ಲಿ ಒಂದೇ ಅಂಕಿ. ವಾರದ ಇತಿಹಾಸವೆಲ್ಲ ಒಂದೇ ಸ್ಕ್ಯಾನಿನಲ್ಲಿ ಅಳಿಸಿಹೋಯಿತು!

ಬೆಂಚಿನ ಮೇಲೆ ಸಾಲಾಗಿ ಕುಳಿತ ಏಳು ಮಂದಿ ಒಂದೊಂದು ಸ್ಥಾನ ಸರಿದು ಹೊಸಬರಿಗೆ ಜಾಗ ಕೊಡಬೇಕಾದರೆ ಮೊದಲು ಏಳಬೇಕಾದವರು ತುದಿಯವರು. ಅವರು ಎದ್ದ ಮೇಲೆ ಪಕ್ಕದವರು ಸರಿಯಬೇಕು. ಇಲ್ಲಿಯೂ 6ನ್ನು 7ಕ್ಕೆ, 5ನ್ನು 6ಕ್ಕೆ, ಹೀಗೆ ತುದಿಯಿಂದ ಆರಂಭಿಸಿ ಕೊನೆಗೆ ಇಂದಿನ ಅಂಕಿಯನ್ನು 1ರಲ್ಲಿ ಇಡಬೇಕು. ಬರೆದ ಆದೇಶಗಳು ಅವೇ, ಕ್ರಮವಷ್ಟೇ ಬೇರೆ. ಈ ಒಂದು ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿದ ವಿದ್ಯಾರ್ಥಿಗೆ ಸ್ಕ್ಯಾನ್ ಎಂದರೇನೆಂಬುದು ಮರೆತುಹೋಗುವುದಿಲ್ಲ.

ಗೂಡು ಎಷ್ಟು ದೊಡ್ಡದು?

ಈಗ ಕೃಷ್ಣರಾಜಸಾಗರದ ಅಂಕಿಯನ್ನೇ ಉದಾಹರಣೆಯಾಗಿ ಬಳಸೋಣ. ಇದು ಕೇವಲ ಲೆಕ್ಕಕ್ಕಾಗಿ. ಅಣೆಕಟ್ಟೆಯ ನಿಜವಾದ ಉಪಕರಣಗಳಿಗೆ ಸಂಬಂಧಿಸಿದ್ದಲ್ಲ.

ಪಿ.ಎಲ್.ಸಿ.ಯ ಸಾಮಾನ್ಯ ಗೂಡಿನಲ್ಲಿ 16 ಬಿಟ್‌ಗಳಿರುತ್ತವೆ. ಬಿಟ್ ಎಂದರೆ 0 ಅಥವಾ 1 ಮಾತ್ರ ಇರಬಲ್ಲ ಪುಟ್ಟ ಮನೆ. 16 ಮನೆಗಳನ್ನು 65,536 ಬಗೆಯಲ್ಲಿ ತುಂಬಬಹುದು. ಹೀಗಾಗಿ ಅದರಲ್ಲಿ 0ಯಿಂದ 65,535ರವರೆಗೆ, ಋಣ ಸಂಖ್ಯೆಗಳೂ ಬೇಕೆಂದರೆ ಮೈನಸ್ 32,768ರಿಂದ 32,767ರವರೆಗೆ ಇಡಬಹುದು. ದಶಮಾಂಶದ ಚುಕ್ಕೆಗೆ ಅಲ್ಲಿ ಜಾಗವಿಲ್ಲ. ಆದ್ದರಿಂದ 124.80ನ್ನು ನೂರರಿಂದ ಗುಣಿಸಿ 12,480 ಎಂದು ಇಡುತ್ತಾರೆ. ನೋಡುವಾಗ ಮತ್ತೆ ನೂರರಿಂದ ಭಾಗಿಸಿಕೊಳ್ಳಬೇಕು. ಇಷ್ಟಕ್ಕೆ ಯಾವ ತೊಂದರೆಯೂ ಇಲ್ಲ.

ಇನ್ನೂ ನಿಖರವಾಗಿರಲಿ ಎಂದು ಯಾರೋ ಸಾವಿರದಿಂದ ಗುಣಿಸಿದರು ಎನ್ನಿ. ಆಗ 1,24,800 ಆಯಿತು. ಇದು 16 ಬಿಟ್‌ಗಳಲ್ಲಿ ಹಿಡಿಸದು. 32 ಬಿಟ್‌ಗಳ ಜೋಡಿ ಗೂಡಿನಿಂದ ಕೆಳಗಿನ 16 ಬಿಟ್‌ಗಳನ್ನು ಮಾತ್ರ ಒಯ್ದರೆ 65,536 ಕಳೆದು ಉಳಿದ 59,264 ಸೇರುತ್ತದೆ. ಅಂದರೆ ಭರ್ತಿಯಾದ ಕಟ್ಟೆ ಪರದೆಯ ಮೇಲೆ 59.264 ಅಡಿ ತೋರಿಸುತ್ತದೆ. ಈ ಅಂಕಿ ಅಸಂಬದ್ಧವಾಗಿಯೂ ಕಾಣುವುದಿಲ್ಲ. ಬೇಸಿಗೆಯಲ್ಲಿ ಇರಬಹುದಾದ ಮಟ್ಟವೇ ಎಂದು ನಂಬಿಬಿಡಬಹುದು. ದೊಡ್ಡ ಅಪಾಯವಿರುವುದು ಅಲ್ಲಿಯೇ. ಕಣ್ಣಿಗೆ ಹೊಡೆಯುವ ತಪ್ಪನ್ನು ಯಾರಾದರೂ ಹಿಡಿಯುತ್ತಾರೆ. ಸರಿಯಂತೆ ಕಾಣುವ ತಪ್ಪು ಉಳಿದುಕೊಳ್ಳುತ್ತದೆ. ಇಂತಲ್ಲಿ 32 ಬಿಟ್‌ಗಳನ್ನು ಪೂರ್ತಿಯಾಗಿ ಒಯ್ಯುವ ಆದೇಶವನ್ನೇ ಬಳಸಬೇಕು.

ಇದೇ ಬಗೆಯ ತಪ್ಪಿಗೆ ಜಗತ್ತು ದೊಡ್ಡ ಬೆಲೆ ತೆತ್ತಿದೆ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕುರೂ ನೆಲೆಯಿಂದ ಐರೋಪ್ಯ ದೇಶಗಳ ಅರಿಯಾನ್-5 ರಾಕೆಟ್ಟಿನ ಮೊದಲ ಹಾರಾಟ ನಡೆಯಿತು. ಸುಮಾರು 40 ಸೆಕೆಂಡುಗಳಲ್ಲಿ ಅದು ದಾರಿ ತಪ್ಪಿ ಆಕಾಶದಲ್ಲೇ ಛಿದ್ರವಾಯಿತು. ಅದರೊಡನೆ ನಾಲ್ಕು ವೈಜ್ಞಾನಿಕ ಉಪಗ್ರಹಗಳೂ ನಾಶವಾದವು. ತನಿಖೆಯಲ್ಲಿ ಕಂಡುಬಂದ ಕಾರಣ: ರಾಕೆಟ್ಟಿನ ಅಡ್ಡ ವೇಗಕ್ಕೆ ಸಂಬಂಧಿಸಿದ 64 ಬಿಟ್‌ಗಳ ಅಂಕಿಯೊಂದನ್ನು 16 ಬಿಟ್‌ಗಳ ಗೂಡಿಗೆ ಇಳಿಸುವಾಗ ಅದು ಹಿಡಿಸಲಿಲ್ಲ, ಮಾರ್ಗದರ್ಶಿ ಉಪಕರಣದ ಕಂಪ್ಯೂಟರು ಕೆಲಸ ನಿಲ್ಲಿಸಿತು. ಆ ಪ್ರೋಗ್ರಾಮು ಹಳೆಯ ಅರಿಯಾನ್-4ರಲ್ಲಿ ಸರಿಯಾಗಿಯೇ ನಡೆದಿತ್ತು. ಹೊಸ ರಾಕೆಟ್ಟಿನ ಪಥ ಬೇರೆ, ಅಡ್ಡ ವೇಗ ಹೆಚ್ಚು. ಹಳೆಯ ಗೂಡು ಹೊಸ ಅಂಕಿಗೆ ಸಾಲದಾಯಿತು. ಅದು ಪಿ.ಎಲ್.ಸಿ. ಅಲ್ಲದಿದ್ದರೂ ಪಾಠ ಅದೇ.

ತಲೆ ಯಾವುದು, ಬಾಲ ಯಾವುದು?

ಅಂಕಿ ಒಂದು ಯಂತ್ರದಿಂದ ಮತ್ತೊಂದು ಯಂತ್ರಕ್ಕೆ ಹೋಗುವಾಗ ಇನ್ನೊಂದು ತೊಡಕಿದೆ. 16 ಬಿಟ್‌ಗಳನ್ನು 8ರಂತೆ ಎರಡು ಬೈಟ್‌ಗಳಾಗಿ ಕಳಿಸುತ್ತಾರೆ. 12,480 ಎಂದರೆ ದೊಡ್ಡ ಬೈಟ್ 48, ಸಣ್ಣ ಬೈಟ್ 192. ಪರೀಕ್ಷಿಸಿ ನೋಡಿ: 48ನ್ನು 256ರಿಂದ ಗುಣಿಸಿ 192 ಕೂಡಿಸಿದರೆ 12,480. ದೊಡ್ಡದನ್ನು ಮೊದಲು ಕಳಿಸಬೇಕೋ ಸಣ್ಣದನ್ನೋ? ಈ ವಿಷಯದಲ್ಲಿ ಎಲ್ಲ ತಯಾರಕರದ್ದೂ ಒಂದೇ ಪದ್ಧತಿಯಲ್ಲ. ಕಳಿಸುವವನು ದೊಡ್ಡದನ್ನು ಮೊದಲು ಕಳಿಸಿ, ಪಡೆಯುವವನು ಅದನ್ನೇ ಸಣ್ಣದೆಂದು ಭಾವಿಸಿದರೆ 192ನ್ನು 256ರಿಂದ ಗುಣಿಸಿ 48 ಕೂಡಿಸಿದಂತಾಗುತ್ತದೆ. ಫಲ 49,200. ಅಂದರೆ ಮಟ್ಟ 492 ಅಡಿ! ಋಣ ಸಂಖ್ಯೆಯ ಪದ್ಧತಿಯಲ್ಲಿ ಓದಿದರೆ ಮೈನಸ್ 163.36 ಅಡಿ. ಒಂದು ಬಿಟ್ಟೂ ಕಳೆದುಹೋಗಿಲ್ಲ, ಒಂದೂ ಹೆಚ್ಚಾಗಿಲ್ಲ. ಆದರೂ ಅರ್ಥ ಮಾಯವಾಯಿತು.

ಯಂತ್ರಗಳು ಪರಸ್ಪರ ಮಾತಾಡಲೆಂದು ಮಾಡಿಕಾನ್ ಕಂಪನಿ 1979ರಲ್ಲಿ ‘ಮಾಡ್‌ಬಸ್’ ಎಂಬ ನಿಯಮಾವಳಿಯನ್ನು ತಂದಿತು. ಇಂದಿಗೂ ಅದು ವ್ಯಾಪಕ ಬಳಕೆಯಲ್ಲಿದೆ. ಅದರಲ್ಲಿ 16 ಬಿಟ್‌ಗಳ ಅಂಕಿಗೆ ದೊಡ್ಡ ಬೈಟ್ ಮೊದಲು ಎಂಬ ಕಟ್ಟಳೆಯಿದೆ. ಆದರೆ 32 ಬಿಟ್‌ಗಳ ಅಂಕಿಗೆ ಎರಡು ಗೂಡು ಬೇಕಾದಾಗ ಯಾವ ಗೂಡು ಮೊದಲು ಎಂಬುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಕೈಪಿಡಿ ಓದುವ ಅಭ್ಯಾಸವಿಲ್ಲದ ತಂತ್ರಜ್ಞ ಇಲ್ಲಿ ದಿನಗಟ್ಟಲೆ ತಿಣುಕಾಡಬೇಕಾಗುತ್ತದೆ.

ಅಡಿಯೋ, ಮೀಟರೋ ಎಂಬುದು ಇನ್ನೂ ಮುಖ್ಯ. 124.80 ಅಡಿ ಎಂದರೆ ಸುಮಾರು 38.04 ಮೀಟರ್. ಒಂದು ಯಂತ್ರ ಅಡಿಯಲ್ಲಿ ಕಳಿಸಿ ಇನ್ನೊಂದು ಮೀಟರ್ ಎಂದುಕೊಂಡರೆ ಮೂವ್ ಆದೇಶದಲ್ಲಿ ಯಾವ ದೋಷವೂ ಕಾಣುವುದಿಲ್ಲ. ಅಮೆರಿಕದ ನಾಸಾ ಸಂಸ್ಥೆ ಮಂಗಳ ಗ್ರಹಕ್ಕೆ ಕಳಿಸಿದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆ 1999ರ ಸೆಪ್ಟೆಂಬರಿನಲ್ಲಿ ಕಳೆದುಹೋದದ್ದು ಇದೇ ಕಾರಣಕ್ಕೆ. ಭೂಮಿಯ ಮೇಲಿನ ಒಂದು ಪ್ರೋಗ್ರಾಮು ಬಲದ ಲೆಕ್ಕವನ್ನು ಪೌಂಡ್ ಮಾನದಲ್ಲಿ ಕೊಟ್ಟಿತು. ಪಡೆದ ಪ್ರೋಗ್ರಾಮು ಅದನ್ನು ನ್ಯೂಟನ್ ಎಂದು ತಿಳಿಯಿತು. ಎರಡಕ್ಕೂ ಸುಮಾರು ನಾಲ್ಕೂವರೆ ಪಟ್ಟು ಅಂತರ. ನೌಕೆ ಗ್ರಹಕ್ಕೆ ತೀರ ಸಮೀಪ ಹೋಗಿ ನಾಶವಾಯಿತು. ಉತ್ತರದ ಮುಂದೆ ಮಾನ ಬರೆಯದಿದ್ದರೆ ಅಂಕ ಕತ್ತರಿಸುವ ಮೇಷ್ಟರ ಮೇಲೆ ಮುನಿಸಿಕೊಳ್ಳುವ ಮಕ್ಕಳು ಈ ಪ್ರಸಂಗವನ್ನು ನೆನಪಿಡಬೇಕು.

ಒಂದೇ ಏಟಿಗೆ ಹಲವು ಅಂಕಿ

ಕೆ.ಆರ್.ಎಸ್. ರಸ್ತೆಯಲ್ಲಿ ಒಂದು ಕಾಲಕ್ಕೆ ‘ವಿಕ್ರಾಂತ್’ ಹೆಸರಿನಿಂದ ಮನೆಮಾತಾಗಿದ್ದ, ಬಳಿಕ ಜೆ.ಕೆ. ಸಮೂಹಕ್ಕೆ ಸೇರಿದ ಟೈರ್ ಕಾರ್ಖಾನೆಯನ್ನು ಮೈಸೂರಿಗರೆಲ್ಲ ಬಲ್ಲರು. ಟೈರ್ ಉದ್ಯಮದಲ್ಲಿ ಕೊನೆಯ ಮುಖ್ಯ ಘಟ್ಟವೆಂದರೆ ಗಂಧಕ ಮುಂತಾದವು ಬೆರೆತ ಹಸಿ ಟೈರನ್ನು ಅಚ್ಚಿನಲ್ಲಿಟ್ಟು ಶಾಖ ಮತ್ತು ಒತ್ತಡದಲ್ಲಿ ಬೇಯಿಸುವುದು. ಸ್ಕೂಟರಿನ ಟೈರಿಗೆ ಒಂದು ಹದ, ಲಾರಿಯ ಟೈರಿಗೆ ಮತ್ತೊಂದು. ಎಷ್ಟು ಶಾಖ, ಎಷ್ಟು ಒತ್ತಡ, ಎಷ್ಟು ಹೊತ್ತು ಎಂಬ ಈ ಅಂಕಿಗಳ ಪಟ್ಟಿಯನ್ನು ಉದ್ಯಮದವರು ‘ರೆಸಿಪಿ’ ಎಂದೇ ಕರೆಯುತ್ತಾರೆ. ಇಂತಹ ಪಟ್ಟಿ ಔಷಧ, ಬಣ್ಣ, ಬಿಸ್ಕತ್ತು ತಯಾರಿಕೆಯಲ್ಲಿಯೂ ಉಂಟು.

ಮಾದರಿ ಬದಲಾದಾಗ ಪಟ್ಟಿಯ ಅಂಕಿಗಳನ್ನು ಒಂದೊಂದಾಗಿ ಒಯ್ಯುವ ಬದಲು ಒಂದೇ ಆದೇಶದಲ್ಲಿ ಸಾಲಾಗಿ ಒಯ್ಯಬಹುದು. ಇದು ‘ಬ್ಲಾಕ್ ಮೂವ್’. ಆರಂಭದ ಗೂಡು, ಸೇರುವ ಗೂಡು, ಒಟ್ಟು ಎಷ್ಟು ಎಂದು ಹೇಳಿದರೆ ಸಾಕು. ಒಂದೇ ಅಂಕಿಯನ್ನು ಹಲವು ಗೂಡುಗಳಲ್ಲಿ ತುಂಬುವ ‘ಫಿಲ್’ ಆದೇಶವೂ ಇದೆ. ಎಲ್ಲವನ್ನೂ ಸೊನ್ನೆ ಮಾಡಲು ಅದು ಅನುಕೂಲ. ಆದರೆ ಎಣಿಕೆಯಲ್ಲಿ 10ರ ಬದಲು 11 ಎಂದು ಬರೆದರೆ ಪಕ್ಕದ ಗೂಡಿನ ಅಂಕಿ ಅಳಿಯುತ್ತದೆ. ಆ ಗೂಡು ಬೇರಾವುದೋ ಯಂತ್ರಭಾಗದ ಒತ್ತಡದ ಮಿತಿಯಾಗಿದ್ದರೆ? ತಪ್ಪಾದ ಜಾಗ ಒಂದು, ಕೇಡು ಕಾಣುವ ಜಾಗ ಇನ್ನೊಂದು. ಯಾವ ಗೂಡನ್ನು ಯಾವುದಕ್ಕೆ ಇಟ್ಟಿದೆ ಎಂಬ ಪಟ್ಟಿಯನ್ನು ಬರೆದಿಡದ ಪ್ರೋಗ್ರಾಮಿನಲ್ಲಿ ಇಂತಹ ದೋಷ ಹುಡುಕುವುದು ಬಹಳ ಕಷ್ಟ.

ಕೆಲಸಗಾರರ ಜೀವಕ್ಕೆ ಸಂಬಂಧಿಸಿದ ತುರ್ತು ನಿಲುಗಡೆಯ ಕೆಂಪು ಗುಂಡಿಯನ್ನು ಬರಿಯ ಪ್ರೋಗ್ರಾಮಿನ ಗೂಡಿಗೆ ಬಿಡದೆ, ಯಂತ್ರದ ವಿದ್ಯುತ್ತನ್ನು ನೇರವಾಗಿ ಕಡಿಯುವಂತೆ ಪ್ರತ್ಯೇಕ ಸುರಕ್ಷಾ ಏರ್ಪಾಡಿನಲ್ಲಿ ಜೋಡಿಸುವ ರೂಢಿ ಇರುವುದಕ್ಕೆ ಇದೂ ಒಂದು ಕಾರಣ.

ವಿದ್ಯಾರ್ಥಿಗಳಿಗೆ, ಪೋಷಕರಿಗೆ

ಈ ವಿದ್ಯೆಗೆ ಮೈಸೂರಿನಲ್ಲಿ ನೆಲೆಗಳಿಗೆ ಕೊರತೆಯಿಲ್ಲ. 1946ರಲ್ಲಿ ಆರಂಭವಾದ ರಾಷ್ಟ್ರೀಯ ಎಂಜಿನಿಯರಿಂಗ್ ಕಾಲೇಜು, 1963ರಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜು, ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಪಾಲಿಟೆಕ್ನಿಕ್‌ಗಳು, ಐ.ಟಿ.ಐ.ಗಳು ಇವೆ. ಇವಲ್ಲದೆ ಹಣ ಪಡೆದು ಅಲ್ಪಾವಧಿಯಲ್ಲಿ ಕಲಿಸುವ ಖಾಸಗಿ ತರಬೇತಿಯ ಜಾಹೀರಾತುಗಳೂ ಕಣ್ಣಿಗೆ ಬೀಳುತ್ತವೆ. ಶುಲ್ಕ ಕಟ್ಟುವ ಮುನ್ನ ಪೋಷಕರು ಮೂರು ಪ್ರಶ್ನೆ ಕೇಳುವುದು ಒಳ್ಳೆಯದು. ವಿದ್ಯಾರ್ಥಿ ತಾನೇ ತಂತಿ ಜೋಡಿಸಿ ಪ್ರಯೋಗ ಮಾಡುತ್ತಾನೆಯೇ, ಅಥವಾ ಪರದೆಯ ಮೇಲೆ ನೋಡುತ್ತಾನೆಯೇ? ದೀಪ ಹೊತ್ತಿಸಿ ಆರಿಸುವುದರ ಆಚೆಗೆ 4ರಿಂದ 20 ಮಿಲಿಆಂಪಿಯರಿನ ಸೆನ್ಸರಿನಿಂದ ಅಂಕಿ ಓದಿ, ಮಾನ ಬದಲಿಸಿ ಬಳಸುವುದನ್ನು ಕಲಿಸುತ್ತಾರೆಯೇ? ಬೇರೊಬ್ಬರು ಬರೆದ ಪ್ರೋಗ್ರಾಮಿನಲ್ಲಿ ದೋಷ ಹುಡುಕುವ ಅಭ್ಯಾಸ ಮಾಡಿಸುತ್ತಾರೆಯೇ? ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ಕೊಟ್ಟ ಹಣಕ್ಕೆ ಬೆಲೆಯಿದೆ.

ವಿದ್ಯಾರ್ಥಿಗಳು ಅಲ್ಲಿಯವರೆಗೂ ಕೈಕಟ್ಟಿ ಕೂರಬೇಕಾಗಿಲ್ಲ. ಪ್ರೌಢಶಾಲೆಯ ಗಣಿತ ಬಲ್ಲವರು ದ್ವಿಮಾನ ಪದ್ಧತಿಯನ್ನು ಒಂದು ವಾರದಲ್ಲಿ ಕಲಿಯಬಹುದು. ಒಂದು ಹಾಳೆಯಲ್ಲಿ ಹತ್ತು ಗೂಡು ಬರೆದು, ಪ್ರತಿಯೊಂದರಲ್ಲೂ ಒಂದು ಅಂಕಿ ತುಂಬಿ, ನಾಲ್ಕಾರು ಮೂವ್ ಆದೇಶಗಳನ್ನು ಮೇಲಿನಿಂದ ಕೆಳಕ್ಕೆ ಪಾಲಿಸುತ್ತ ಯಾವ ಗೂಡಿನಲ್ಲಿ ಏನು ಉಳಿಯಿತೆಂದು ನೋಡಿ. ಮನೆಯಲ್ಲಿ ಕಂಪ್ಯೂಟರ್ ಇರುವವರಿಗೆ ‘ಓಪನ್ ಪಿ.ಎಲ್.ಸಿ.’ಯಂತಹ ಉಚಿತ ತಂತ್ರಾಂಶವೂ ಲಭ್ಯ. ಆದರೆ ಮೊದಲು ಹಾಳೆ, ಬಳಿಕ ಪರದೆ.

ಅಭ್ಯಾಸ ಮಾಡುವಾಗ ಪ್ರತಿ ಆದೇಶದ ಪಕ್ಕದಲ್ಲಿ ಐದು ವಿಷಯ ಬರೆದುಕೊಳ್ಳುವ ರೂಢಿ ಇರಲಿ: ಎಲ್ಲಿಂದ, ಎಲ್ಲಿಗೆ, ಎಷ್ಟು ಬಿಟ್, ಯಾವಾಗ, ಯಾವ ಮಾನದಲ್ಲಿ. ಮೊದಲ ಎರಡನ್ನು ಬರೆಯದಿದ್ದರೆ ಪ್ರೋಗ್ರಾಮು ನಡೆಯುವುದೇ ಇಲ್ಲ. ಯಂತ್ರವೇ ತಪ್ಪು ತೋರಿಸುತ್ತದೆ. ಮೂರನೆಯದರಲ್ಲಿ ಕೆಲವೊಮ್ಮೆ ಎಚ್ಚರಿಸುತ್ತದೆ. ಕೊನೆಯ ಎರಡರಲ್ಲಿ ಅದು ತುಟಿ ಬಿಚ್ಚುವುದಿಲ್ಲ. ಅವನ್ನು ತಿಳಿದಿರಬೇಕಾದವರು ಬರೆಯುವವರೇ. ಕಾರ್ಖಾನೆಗಳು ಸಂಬಳ ಕೊಟ್ಟು ಹುಡುಕುವುದೂ ಅಂತಹ ಹುಡುಗ ಹುಡುಗಿಯರನ್ನೇ.